ಆಯತ್ ಕರಗಿಸಬಹುದೇ, ‘ಸಲಾಮ್’ ಯಾರು ಬರೆಯಬಹುದು? ಅರಬ್ಬಿ ಅಕ್ಷರಗಳಲ್ಲಿ ಶಾಂತಿಯ ಚಿತ್ರ

ಪ್ರಶ್ನೆ: ನಾನು ಹತ್ತು ವರ್ಷದಿಂದ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಬಿಡಿಸುತ್ತಿದ್ದೇನೆ. ಮುಸ್ಲಿಂ ಮನೆಯವಳು. ಚಿಕ್ಕಂದಿನಲ್ಲೇ ಕುರ್‌ಆನ್ ಓದಲು ಕಲಿತೆ, ಆದರೆ ಅರಬ್ಬಿ ಭಾಷೆ ಬರುವುದಿಲ್ಲ. ಓದುತ್ತೇನೆ, ಅರ್ಥ ಆಗುವುದಿಲ್ಲ. ನನ್ನ ಗೆಳತಿ ಬೇರೆ ಧರ್ಮದವಳು, ಅವಳೂ ಕಲಾವಿದೆ. ಇಬ್ಬರೂ ಸೇರಿ ಶಾಂತಿ ಎನ್ನುವ ವಿಷಯದ ಮೇಲೆ 12 ಕ್ಯಾನ್ವಾಸ್‌ಗಳ ಸರಣಿ ಮಾಡುತ್ತಿದ್ದೇವೆ. ಮೊದಲನೆಯದರಲ್ಲಿ ಪಾರಿವಾಳದ ಆಕಾರದೊಳಗೆ ‘ಸಲಾಮ್’ (ಶಾಂತಿ) ಪದ. ಎರಡನೆಯದರಲ್ಲಿ ಕುರ್‌ಆನ್‌ನ ಒಂದು ಆಯತ್ (ವಚನ) ಮೇಲಿಂದ ಕೆಳಗೆ ಬರುತ್ತಾ ಒಡೆದು, ಕರಗಿ, ಬಣ್ಣದಲ್ಲಿ ಸೇರಿಹೋಗುತ್ತದೆ. ಇದನ್ನು ನೋಡಿ ನಮ್ಮ ತಾತ ‘ಆಯತ್ ಹೀಗೆ ಒಡೆಯಬಾರದಮ್ಮಾ’ ಎಂದು ಬೇಜಾರು ಮಾಡಿಕೊಂಡರು. ಸಂಬಂಧಿಕರೊಬ್ಬರು ‘ಮುಸ್ಲಿಮರಲ್ಲದವರು ಇದನ್ನೆಲ್ಲ ಬರೆಯಲೇಬಾರದು’ ಅಂದರು. ಪ್ರದರ್ಶನ ಏರ್ಪಡಿಸುವವರು ‘ಯಾರೂ ಓದಲ್ಲ ಬಿಡಿ, ಚೆನ್ನಾಗಿ ಕಂಡರೆ ಸಾಕು’ ಅನ್ನುತ್ತಾರೆ. ಇದರ ಮಧ್ಯೆ ಆಹ್ವಾನ ಪತ್ರಿಕೆ ಪ್ರಿಂಟ್ ಆಗಿ ಬಂತು. ಅದರಲ್ಲಿ ಸಲಾಮ್ ಅಕ್ಷರಗಳು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಬಿದ್ದಿವೆ. ಯಾರ ಮಾತು ಕೇಳೋಣ? ಹಾಳಾದ ಕ್ಯಾನ್ವಾಸ್‌ಗಳನ್ನು ಏನು ಮಾಡೋಣ?

ಉತ್ತರ: ಉಳಿದದ್ದು ಆಮೇಲೆ. ಮೊದಲು ಆ ಆಹ್ವಾನ ಪತ್ರಿಕೆ ಹಂಚುವುದನ್ನು ನಿಲ್ಲಿಸಿ.

ಪ್ರಿಂಟ್ ಆದ ಅರಬ್ಬಿ ಬರಹದಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಅರಬ್ಬಿಯಲ್ಲಿ 28 ಅಕ್ಷರ, ಬರೆಯುವುದು ಬಲದಿಂದ ಎಡಕ್ಕೆ. ಪದದ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ, ಒಂಟಿಯಾಗಿ, ಹೀಗೆ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಅಕ್ಷರದ ರೂಪ ಬದಲಾಗುತ್ತದೆ. ಹೆಚ್ಚಿನ ಅಕ್ಷರಗಳು ಎರಡೂ ಕಡೆ ಕೈ ಚಾಚುತ್ತವೆ. ಅಲಿಫ್, ದಾಲ್, ಝಾಲ್, ರಾ, ಝಾಯ್, ವಾವ್ ಎಂಬ 6 ಅಕ್ಷರಗಳು ಮಾತ್ರ ತಮ್ಮ ಎಡಕ್ಕೆ ಬರುವ ಅಕ್ಷರದ ಕೈ ಹಿಡಿಯುವುದಿಲ್ಲ.

ಈಗ ಸಲಾಮ್ ಪದವನ್ನು ಹತ್ತಿರದಿಂದ ನೋಡಿ. ಸೀನ್, ಲಾಮ್, ಅಲಿಫ್, ಮೀಮ್: ನಾಲ್ಕು ಅಕ್ಷರ. ಬಲಗಡೆ ಸೀನ್‌ನ ಮೂರು ಪುಟ್ಟ ಹಲ್ಲುಗಳು. ಅದು ಲಾಮ್‌ಗೆ ಕೂಡಿಕೊಳ್ಳುತ್ತದೆ. ಲಾಮ್ ಮತ್ತು ಅಲಿಫ್ ಸೇರಿದರೆ ಅವಕ್ಕೆ ತಮ್ಮದೇ ಒಂದು ಜೋಡಿ ರೂಪ ಇದೆ, ಎರಡು ಕೊಂಬೆಗಳು ಒಂದನ್ನೊಂದು ದಾಟಿ ಮೇಲೆದ್ದ ಹಾಗೆ. ಅಲಿಫ್ ಅಲ್ಲೇ ಕೈ ಬಿಡುತ್ತದೆ. ಎಡತುದಿಯಲ್ಲಿ ಮೀಮ್ ಒಂಟಿಯಾಗಿ ನಿಲ್ಲುತ್ತದೆ. ಅಂದರೆ ಸರಿಯಾಗಿ ಬರೆದ ಸಲಾಮ್ ಎರಡೇ ತುಂಡು: ಬಲಕ್ಕೆ ದೊಡ್ಡದು, ಎಡಕ್ಕೆ ಚಿಕ್ಕದು. ನಾಲ್ಕು ತುಂಡು ಕಂಡರೆ ತಪ್ಪು. ಚಿಕ್ಕ ಮೀಮ್ ಬಲತುದಿಯಲ್ಲಿ ಕಂಡರೆ ಪದ ತಿರುಗುಮುರುಗು. ಅಕ್ಷರ ಗೊತ್ತಿಲ್ಲದ ನಿಮ್ಮ ಗೆಳತಿಯೂ ಇಷ್ಟನ್ನು ಪರೀಕ್ಷೆ ಮಾಡಬಹುದು.

ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಬಿದ್ದ ಬ್ಯಾನರ್‌ಗಳನ್ನು ನೋಡಿರುತ್ತೀರಿ. ‘ಅಮ್ಮ’ ಹೋಗಿ ‘ಅಮ್‌ಮ’ ಆಗಿರುತ್ತದೆ. ನೋಡಿದ ತಕ್ಷಣ ಮೈ ಚುಚ್ಚುತ್ತದೆ, ಅಲ್ವಾ? ಅರಬ್ಬಿ ಓದುವವರಿಗೆ ನಿಮ್ಮ ಕಾರ್ಡ್ ನೋಡಿದರೆ ಅದೇ ಅನುಭವ, ಅದಕ್ಕಿಂತ ಜಾಸ್ತಿಯೇ. ಕಾರಣ ಸರಳ. ಕಂಪ್ಯೂಟರ್ ನಾಲ್ಕು ಅಕ್ಷರಗಳನ್ನು ನಾಲ್ಕು ಸಂಕೇತಗಳಾಗಿ ಇಟ್ಟುಕೊಂಡಿರುತ್ತದೆ. ಅವನ್ನು ಕೂಡಿಸಿ ತೋರಿಸುವುದು ಸಾಫ್ಟ್‌ವೇರ್‌ನ ಕೆಲಸ. ಬಲದಿಂದ ಎಡಕ್ಕೆ ಹೋಗುವ ಲಿಪಿಗೆ ಬೇಕಾದ ಸೆಟ್ಟಿಂಗ್ ಹಾಕದಿದ್ದರೆ ಅದು ಒಂಟಿ ರೂಪಗಳನ್ನು ಎಡದಿಂದ ಬಲಕ್ಕೆ ಜೋಡಿಸಿಬಿಡುತ್ತದೆ. ಆ ಸೆಟ್ಟಿಂಗ್ ಹಾಕಿಸಿ. ಅಮೀರಿ ಎಂಬ ಉಚಿತ ಫಾಂಟ್ ಇದೆ, ಕೈರೋದ ಹಳೆಯ ಬೂಲಾಕ್ ಮುದ್ರಣಾಲಯದ ಅಚ್ಚಿನ ಮಾದರಿಯದು. ಕಾರ್ಡಿಗೆ ಅದು ಸಾಕು. ಸರಿ ಇದೆ ಎಂದು ಖಾತ್ರಿಯಾದ ಮೇಲೆ ಅಕ್ಷರಗಳನ್ನು ಗೆರೆಗಳಾಗಿ (ಔಟ್‌ಲೈನ್) ಬದಲಿಸಿ ಪ್ರೆಸ್ಸಿಗೆ ಕಳಿಸಿ, ಅಲ್ಲಿ ಫಾಂಟ್ ಬದಲಾಗುವ ಭಯ ಇರುವುದಿಲ್ಲ.

ಇನ್ನು ನಿಮ್ಮ ಅಸಲಿ ಚಿಂತೆಗೆ ಬರೋಣ. ಮೂರು ಜನ ಮೂರು ಮಾತು ಹೇಳಿದ್ದಾರೆ. ನನ್ನ ಮಟ್ಟಿಗೆ ಆ ಮೂರರಲ್ಲಿ ಅಪಾಯಕಾರಿ ಮಾತು ‘ಯಾರೂ ಓದಲ್ಲ ಬಿಡಿ’ ಅನ್ನುವುದು.

ಓದುತ್ತಾರೆ. ಅರಬ್ಬಿ ಮಾತೃಭಾಷೆಯಾದವರೇ 30 ಕೋಟಿಗೂ ಹೆಚ್ಚು ಜನ. ಫಾರ್ಸಿ, ಉರ್ದು ಓದುವವರಿಗೂ ಈ ಲಿಪಿ ಗೊತ್ತು. ನಿಮ್ಮ ಹಾಗೆ ಅರ್ಥ ಗೊತ್ತಿಲ್ಲದೆ ಅಕ್ಷರ ಓದುವವರ ಲೆಕ್ಕ ಬೇರೆ. 1994ರಲ್ಲಿ ಪ್ಯಾರಿಸ್‌ನ ಒಂದು ಹೆಸರಾಂತ ಫ್ಯಾಷನ್ ಸಂಸ್ಥೆ ಉಡುಪಿನ ಮೇಲೆ ಅರಬ್ಬಿ ಕಸೂತಿ ಹಾಕಿತು. ಪ್ರೇಮ ಕವಿತೆಯ ಸಾಲು ಎಂದುಕೊಂಡಿದ್ದರು. ಅದು ಕುರ್‌ಆನ್‌ನ ಸಾಲಾಗಿತ್ತು. ಕ್ಷಮೆ ಕೇಳಿ, ಆ ಉಡುಪುಗಳನ್ನೇ ನಾಶ ಮಾಡಬೇಕಾಯಿತು. ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. 2024ರಲ್ಲಿ ಲಾಹೋರ್‌ನಲ್ಲಿ ಅರಬ್ಬಿ ಅಕ್ಷರದ ಬಟ್ಟೆ ತೊಟ್ಟ ಹೆಂಗಸೊಬ್ಬರನ್ನು ಜನ ಸುತ್ತುವರಿದರು. ಬಟ್ಟೆಯ ಮೇಲೆ ಆಯತ್ ಇದೆ ಎಂದು ಸಿಟ್ಟು. ಅಲ್ಲಿ ಇದ್ದದ್ದು ‘ಹಲ್ವಾ’ ಎಂಬ ಪದ, ಅರಬ್ಬಿಯಲ್ಲಿ ಸಿಹಿ, ಚಂದ ಎಂಬ ಅರ್ಥ. ಒಬ್ಬ ಪೊಲೀಸ್ ಅಧಿಕಾರಿಣಿ ಆಕೆಯನ್ನು ಪಾರುಮಾಡಿ ಕರೆದೊಯ್ದರು. ಮೊದಲ ಘಟನೆಯಲ್ಲಿ ಬರೆದವರು ಓದಲಿಲ್ಲ, ಎರಡನೆಯದರಲ್ಲಿ ನೋಡಿದವರು ಓದಲಿಲ್ಲ. ಅರಬ್ಬಿಯಲ್ಲಿ ಬರೆದದ್ದೆಲ್ಲ ಕುರ್‌ಆನ್ ಅಲ್ಲ. ಹಾಗೆಯೇ ಚಂದದ ಬಳ್ಳಿಯಂತೆ ಕಾಣುವ ಸಾಲು ಸುಮ್ನೆ ಅಲಂಕಾರವೂ ಅಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಸಭಾಂಗಣದ ಗೋಡೆಗೆ ದೊಡ್ಡದಾಗಿ ‘ರಹ್ಮಾ’ ಎಂದು ಬರೆದುಕೊಟ್ಟೆ. ಕರುಣೆ ಎಂದರ್ಥ. ಹಿನ್ನೆಲೆಗೆ ಕುಂಚದಿಂದ ಬಣ್ಣ ಚಿಮ್ಮಿಸಿದ್ದೆ. ಒಂದು ಹನಿ ಹೋಗಿ ‘ರಾ’ ಅಕ್ಷರದ ತಲೆಯ ಮೇಲೆ ಕೂತಿತ್ತು. ನನ್ನ ಕಣ್ಣಿಗೆ ಅದು ಹನಿ. ಓದುವವರ ಕಣ್ಣಿಗೆ ಅದು ಚುಕ್ಕೆ. ಚುಕ್ಕೆ ಬಿದ್ದ ‘ರಾ’ ಅಂದರೆ ‘ಝಾಯ್’. ರಹ್ಮಾ ಹೋಗಿ ‘ಝಹ್ಮಾ’ ಆಗಿತ್ತು: ನೂಕುನುಗ್ಗಲು. ಉದ್ಘಾಟನೆಯ ದಿನ ವಯಸ್ಸಾದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಬೇರೆ ಯಾರಿಗೂ ಕೇಳಿಸದ ಹಾಗೆ, ‘ಒಂದು ಚುಕ್ಕೆ ಜಾಸ್ತಿ ಇದೆ ನೋಡಿ’ ಅಂದರು. ಅವರು ಅಷ್ಟು ಮೆಲ್ಲಗೆ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ಬರಹ ಇರುವ ಕ್ಯಾನ್ವಾಸ್ ಮೇಲೆ ನಾನು ಬಣ್ಣ ಚಿಮ್ಮಿಸುವುದಿಲ್ಲ. ಚಿಮ್ಮಿಸಲೇಬೇಕಿದ್ದರೆ ಮೊದಲು ಹಿನ್ನೆಲೆ ಮುಗಿಸಿ ಒಣಗಿಸಿ, ಅಕ್ಷರ ಬರುವ ಜಾಗದ ಕಲೆಗಳನ್ನು ಮುಚ್ಚಿ, ಆಮೇಲೆ ಬರೆಯುತ್ತೇನೆ. ಅಕ್ರಿಲಿಕ್‌ನಲ್ಲಿ ಕೆಲಸ ಮಾಡುವ ನಿಮಗೆ ಇದು ಮುಖ್ಯ.

ಕನ್ನಡದಲ್ಲಿ ಕಾಲು, ಕಲ್ಲು ಆದ ಹಾಗೆ ಅರಬ್ಬಿಯಲ್ಲೂ ಒಂದು ಅಕ್ಷರ ಆಚೀಚೆ ಆದರೆ ಕತೆ ಬೇರೆ. ‘ಕಲ್ಬ್’ ಎಂಬ ಉಚ್ಚಾರವನ್ನೇ ತೆಗೆದುಕೊಳ್ಳಿ. ‘ಕಾಫ್’ ಎಂಬ ಹೆಸರಿಗೆ ಹತ್ತಿರದ ಎರಡು ಅಕ್ಷರಗಳಿವೆ. ಗಂಟಲ ಆಳದಿಂದ ಬರುವ ಅಕ್ಷರದಲ್ಲಿ ಬರೆದರೆ ಹೃದಯ, ಇನ್ನೊಂದರಲ್ಲಿ ಬರೆದರೆ ನಾಯಿ. ಆ್ಯಪ್‌ನಲ್ಲಿ ಕನ್ನಡ ಅಕ್ಷರ ಹಾಕಿ ಅರಬ್ಬಿಗೆ ತಿರುಗಿಸಿಕೊಳ್ಳುವವರು ಬೀಳುವ ಗುಂಡಿ ಇದು. ಸಲಾಮ್‌ನಲ್ಲಿ ಅಲಿಫ್ ಬಿಟ್ಟರೂ ಅಷ್ಟೆ, ಉಳಿಯುವ ಮೂರಕ್ಷರವನ್ನು ‘ಸುಲ್ಲಮ್’ ಎಂದೂ ಓದಬಹುದು. ಏಣಿ ಎಂದರ್ಥ. ಇಲ್ಲಿ ಒಂದು ಸೂಕ್ಷ್ಮ ಇದೆ. ಕುರ್‌ಆನ್‌ನ ಬರವಣಿಗೆಯಲ್ಲಿ ಸಲಾಮ್ ಪದದ ಅಲಿಫ್ ಸಾಲಿನಲ್ಲಿ ಬರುವುದಿಲ್ಲ, ಪುಟ್ಟ ಗೆರೆಯಾಗಿ ಮೇಲೆ ನಿಲ್ಲುತ್ತದೆ. ಆಗ ಪದ ಎರಡಲ್ಲ, ಒಂದೇ ತುಂಡು. ಆದ್ದರಿಂದ 36ನೇ ಅಧ್ಯಾಯದ 58ನೇ ಆಯತ್, ‘ಸಲಾಮುನ್ ಕೌಲಮ್ ಮಿರ್ರಬ್ಬಿರ್ರಹೀಮ್’ (ಕರುಣಾಮಯಿ ದೇವರ ಕಡೆಯಿಂದ ‘ಸಲಾಮ್’ ಎಂಬ ಮಾತು), ಬರೆಯುವುದಾದರೆ ಆ ಪುಟ್ಟ ಗೆರೆಯನ್ನು ಮರೆಯಬೇಡಿ. ಚಿತ್ರಕಾರರು ಅದನ್ನು ಅಲಂಕಾರ ಎಂದುಕೊಂಡು ಕೈಬಿಡುತ್ತಾರೆ.

ಈಗ ತಾತನ ಮಾತು.

ಅವರ ಬೇಜಾರಿನ ಹಿಂದೆ ಸಾವಿರಕ್ಕೂ ಹೆಚ್ಚು ವರ್ಷದ ಅಭ್ಯಾಸ ಇದೆ. ಇಸ್ಲಾಂನಲ್ಲಿ ಚಿತ್ರ ನಿಷೇಧ, ಅದಕ್ಕೆ ಬದಲಿಯಾಗಿ ಅಕ್ಷರಕಲೆ ಬೆಳೆಯಿತು ಎಂದು ಹಲವರು ಹೇಳುತ್ತಾರೆ. ಇದು ಅರ್ಧ ಸತ್ಯ. ಪರ್ಷಿಯಾದ, ಒಟ್ಟೋಮನ್ ತುರ್ಕಿಯ ಹಸ್ತಪ್ರತಿಗಳಲ್ಲಿ ಮನುಷ್ಯರ ಚಿತ್ರಗಳು ಬೇಕಾದಷ್ಟಿವೆ. ಅಕ್ಷರಕ್ಕೆ ಈ ಗೌರವ ಬಂದದ್ದು ನಂಬಿಕೆಯ ನಡುವಿನಿಂದಲೇ. ಕುರ್‌ಆನ್ ದೇವರ ಮಾತು ಎಂಬ ನಂಬಿಕೆ ಇದ್ದ ಮೇಲೆ ಅದನ್ನು ಬರೆಯುವವನ ಮೊದಲ ಕರ್ತವ್ಯ ಒಂದಕ್ಷರವೂ ಬೀಳದಂತೆ ಮುಂದಿನವರಿಗೆ ದಾಟಿಸುವುದು. ಅಂದಗಾಣಿಸುವುದು ಆಮೇಲೆ. ತಾತ ಹೇಳುತ್ತಿರುವುದು ಇದನ್ನೇ.

ಒಡೆದರೆ ಅರ್ಥವೂ ಕೆಡುತ್ತದೆ. 107ನೇ ಅಧ್ಯಾಯದ 4ನೇ ಆಯತ್ ಒಂದನ್ನೇ ಓದಿದರೆ ‘ನಮಾಜು ಮಾಡುವವರಿಗೆ ಕೇಡು’ ಎಂದಾಗುತ್ತದೆ. ಮುಂದಿನ ಆಯತ್ ಸೇರಿದಾಗ ಮಾತು ಪೂರ್ತಿ: ತಮ್ಮ ನಮಾಜಿನ ಬಗ್ಗೆ ಅಸಡ್ಡೆ ಇರುವ ನಮಾಜಿಗರಿಗೆ ಕೇಡು. ನಿಮ್ಮ ಕ್ಯಾನ್ವಾಸ್‌ನಲ್ಲಿ ಆಯತ್ ಅರ್ಧಕ್ಕೆ ಕರಗುತ್ತದೆ. ಎಲ್ಲಿ ಕರಗುತ್ತದೆ ಎಂದು ನೋಡಿದ್ದೀರಾ? ಉಳಿದ ಭಾಗ ಏನು ಹೇಳುತ್ತದೆ ಎಂದು ಗೊತ್ತೇ? ಶಾಂತಿಯ ಚಿತ್ರಗಳಿಗೆ ‘ವಸ್ಸುಲ್ಹು ಖೈರ್’, ರಾಜಿಯೇ ಒಳ್ಳೆಯದು, ಎಂಬ ತುಂಡನ್ನು ಬಹಳ ಜನ ಆರಿಸಿಕೊಳ್ಳುತ್ತಾರೆ. ಅದು 4ನೇ ಅಧ್ಯಾಯದ 128ನೇ ಆಯತ್‌ನ ಭಾಗ, ಗಂಡಹೆಂಡಿರ ನಡುವಿನ ಬಿರುಕಿನ ಸಂದರ್ಭದ ಮಾತು. ಬಳಸಬಹುದು, ಬಳಸುತ್ತಾರೆ. ಆದರೆ ಯಾರಾದರೂ ಕೇಳಿದರೆ ಹೇಳುವಷ್ಟು ನಿಮಗೆ ಗೊತ್ತಿರಬೇಕು.

ಈ ವಿದ್ಯೆ ಎಷ್ಟು ನಿಖರ ಎನ್ನುವುದನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಿಮ್ಮ ಚಿತ್ರಕ್ಕೆ ಬೇಕಾದ ಶಾಂತಿ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬಾಗ್ದಾದ್‌ನಲ್ಲಿ ಇಬ್ನ್ ಮುಕ್ಲಾ ಎಂಬ ವಜೀರ ಇದ್ದ. 940ರಲ್ಲಿ ತೀರಿಕೊಂಡ. ರಾಜಕೀಯದ ಜಗಳದಲ್ಲಿ ಅವನ ಬಲಗೈಯನ್ನೇ ಕತ್ತರಿಸಿದರು. ಅವನ ಹೆಸರಿನೊಂದಿಗೆ ಸೇರಿಕೊಂಡಿರುವುದು ಅಳತೆಯ ಬರವಣಿಗೆ. ಬಿದಿರಿನ ಜಾತಿಯ ಜೊಂಡಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿದ ಲೇಖನಿ, ಅದೇ ಕಲಮ್. ಅದನ್ನು ಕಾಗದದ ಮೇಲೆ ಒತ್ತಿ ಎಳೆದರೆ ಚೌಕದ ಹರಳಿನಂಥ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆಯೇ ಅಳತೆಗೋಲು. ಸುಲುಸ್ ಎಂಬ ಬರವಣಿಗೆಯ ಶೈಲಿಯಲ್ಲಿ ಅಲಿಫ್ ಸಾಮಾನ್ಯವಾಗಿ 7 ಚುಕ್ಕೆ ಎತ್ತರ. ಉಳಿದ ಅಕ್ಷರಗಳ ಬಾಗು, ಹೊಟ್ಟೆ, ಬಾಲ ಎಲ್ಲಕ್ಕೂ ಹೀಗೇ ಚುಕ್ಕೆಯ ಲೆಕ್ಕ. ಕಲಮ್ ಅಗಲವಾದರೆ ಚುಕ್ಕೆ ದೊಡ್ಡದು, ಅಕ್ಷರವೂ ಅಷ್ಟೇ ದೊಡ್ಡದು, ಅನುಪಾತ ಮಾತ್ರ ಅದೇ. ನೀವು ಯಾವುದೋ ಬರಹವನ್ನು ನೋಡಿ ‘ಎಷ್ಟು ನೆಮ್ಮದಿಯಾಗಿದೆ’ ಅಂದುಕೊಂಡಿದ್ದರೆ ಅದಕ್ಕೆ ಕಾರಣ ಈ ಲೆಕ್ಕ. ಇಬ್ನುಲ್ ಬವ್ವಾಬ್ ಎಂಬ ಅಕ್ಷರಕಲಾವಿದ ಬಾಗ್ದಾದ್‌ನಲ್ಲಿ ಬರೆದ ಕುರ್‌ಆನ್ ಪ್ರತಿಯೊಂದು, 1000-01ರ ಸುಮಾರಿನದು, ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಪುಟಗಳ ಚಿತ್ರ ಸಿಕ್ಕರೆ ಒಂದು ಸಂಜೆ ಸುಮ್ಮನೆ ಕೂತು ನೋಡಿ.

ಕಲಿಯುವ ಕ್ರಮವೂ ಹಾಗೇ. ಒಟ್ಟೋಮನ್ ಪರಂಪರೆಯಲ್ಲಿ ಶಿಷ್ಯನಿಗೆ ಮೊದಲು ಬರೆಯಿಸುವ ಸಾಲು ಒಂದು ಪ್ರಾರ್ಥನೆ: ದೇವರೇ, ಸುಲಭ ಮಾಡು, ಕಷ್ಟ ಮಾಡಬೇಡ, ಒಳ್ಳೆಯದರಲ್ಲಿ ಮುಗಿಸು. ಗುರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಈ ಒಂದೇ ಸಾಲಿನಲ್ಲಿ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ವರ್ಷಗಳ ನಂತರ, ತೃಪ್ತಿಯಾದರೆ, ಗುರು ‘ಇಜಾಝಾ’ ಕೊಡುತ್ತಾರೆ, ಅಂದರೆ ನಿನ್ನ ಬರಹಕ್ಕೆ ಇನ್ನು ನಿನ್ನ ಹೆಸರು ಹಾಕಿಕೊಳ್ಳಬಹುದು ಎಂಬ ಅನುಮತಿ. ನೀವು ಹನ್ನೆರಡು ಚಿತ್ರ ಮಾಡಲು ಇಜಾಝಾ ಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಕಲಮ್ ತೆಗೆದುಕೊಂಡು, ಒಂದು ತಿಂಗಳು, ದಿನಕ್ಕೆ ಅರ್ಧ ಗಂಟೆ ಬರೀ ಅಲಿಫ್ ಎಳೆಯಿರಿ. ಉದ್ದದ ಗೆರೆ ಎಳೆಯುವಾಗ ಉಸಿರು ತಾನಾಗಿ ನಿಲ್ಲುತ್ತದೆ, ಗೆರೆ ಮುಗಿದಾಗ ಬಿಡುತ್ತೀರಿ. ಕುಂಚ ಹಿಡಿದಾಗಲೂ ಆಮೇಲೆ ಕೈ ಬೇರೆ ಥರ ನಡೆಯುತ್ತದೆ.

ಇನ್ನೊಂದು ವಿಷಯ. ಸಲಾಮ್ ಪದದ ಬೇರು ಸೀನ್, ಲಾಮ್, ಮೀಮ್. ಇದೇ ಬೇರಿನಿಂದ ಬಂದದ್ದು ‘ಸಾಲಿಮ್’, ಅಂದರೆ ಊನವಿಲ್ಲದ್ದು, ಏನೂ ಆಗದೆ ಇಡಿಯಾಗಿ ಉಳಿದದ್ದು. ಇಸ್ಲಾಂ ಎಂಬ ಹೆಸರೂ ಇದೇ ಬೇರಿನದು. ‘ಅಸ್ಸಲಾಮ್’ ದೇವರ ಹೆಸರುಗಳಲ್ಲೂ ಒಂದು. ಹಾಗಾಗಿ ಸಲಾಮ್ ಎಂದರೆ ಜಗಳ ಇಲ್ಲದಿರುವುದು ಮಾತ್ರ ಅಲ್ಲ, ಒಡೆಯದೆ ಇರುವುದು. ನಿಮ್ಮ ಕಾರ್ಡಿನಲ್ಲಿ ನಾಲ್ಕು ತುಂಡಾಗಿ ಬಿದ್ದ ಸಲಾಮ್ ನನಗೆ ಅಷ್ಟು ನೋವು ಕೊಟ್ಟದ್ದು ಇದಕ್ಕೇ.

ಹಾಗಾದರೆ ನಿಮ್ಮ ಕರಗುವ ಚಿತ್ರದ ಕಲ್ಪನೆ ಬಿಡಬೇಕೇ? ಬೇಡ. ಆಯತ್ ಬಿಡಿ, ಕರಗಿಸುವುದನ್ನು ಇಟ್ಟುಕೊಳ್ಳಿ. ಇದಕ್ಕೆ ಪರಂಪರೆಯೇ ದಾರಿ ಮಾಡಿಕೊಟ್ಟಿದೆ. ಅಭ್ಯಾಸದ ಹಾಳೆ ಮುಗಿದರೂ ಬರೆಯುವವರು ಅದೇ ಹಾಳೆಯ ಮೇಲೆ, ಅಡ್ಡ, ಉದ್ದ, ತಲೆಕೆಳಗು ಮಾಡಿ, ಅಕ್ಷರದ ಮೇಲೆ ಅಕ್ಷರ ಬರೆಯುತ್ತಿದ್ದರು. ಹಾಳೆ ಕಪ್ಪಾಗುವವರೆಗೆ. ಅರ್ಥ ಮುಳುಗಿಹೋಗುತ್ತದೆ, ಕೈಯ ಲಯ ಉಳಿಯುತ್ತದೆ. ಇರಾನ್‌ನಲ್ಲಿ ಇದಕ್ಕೆ ‘ಸಿಯಾಹ್ ಮಶ್ಕ್’ ಎನ್ನುತ್ತಾರೆ, ಕಪ್ಪು ಅಭ್ಯಾಸ ಎಂದರ್ಥ. 19ನೇ ಶತಮಾನದ ಹೊತ್ತಿಗೆ ಅದು ತಾನೇ ಒಂದು ಕಲಾಪ್ರಕಾರವಾಗಿತ್ತು, ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತಿದ್ದರು. ತುರ್ಕಿಯಲ್ಲೂ ‘ಕರಲಮಾ’ ಎಂಬ ಹೆಸರಿನಲ್ಲಿ ಇದೇ ಇದೆ. ನಿಮ್ಮ ಎರಡನೇ ಕ್ಯಾನ್ವಾಸ್‌ಗೆ ಇದಕ್ಕಿಂತ ಒಳ್ಳೆಯ ಆಸರೆ ನನಗೆ ಕಾಣುವುದಿಲ್ಲ. ಸೀನ್, ಲಾಮ್, ಮೀಮ್ ಅಕ್ಷರಗಳನ್ನೇ ಬಿಡಿಯಾಗಿ, ಪದರ ಪದರವಾಗಿ ಬರೆಯುತ್ತಾ ಕತ್ತಲಿಗೆ ಒಯ್ಯಿರಿ. ಪವಿತ್ರ ವಾಕ್ಯ ಯಾವುದೂ ಒಡೆಯುವುದಿಲ್ಲ. ತಾತನಿಗೂ ನೆಮ್ಮದಿ, ನಿಮ್ಮ ಕಲ್ಪನೆಗೂ ಜಾಗ.

ಪಾರಿವಾಳದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಬಿಟ್ಟುಬಿಡಿ. ತಪ್ಪು ಅಂತಲ್ಲ. ಒಟ್ಟೋಮನ್ ಕಾಲದಲ್ಲಿ ಬಿಸ್ಮಿಲ್ಲಾವನ್ನೇ (‘ದೇವರ ಹೆಸರಿನಲ್ಲಿ’ ಎಂಬ ಆರಂಭದ ಮಾತನ್ನೇ) ಹಕ್ಕಿಯ ಆಕಾರದಲ್ಲಿ ಬರೆದದ್ದಿದೆ, ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನನ್ನ ತಕರಾರು ಕಲೆಯದ್ದು. ಹಕ್ಕಿಯ ಮೈಗೆ ಹೊಂದಿಸಲು ಹೋಗಿ ಅಕ್ಷರದ ಅಳತೆ ಕೆಡಿಸುತ್ತೀರಿ. ಕೊನೆಗೆ ಅದು ಹಕ್ಕಿಯೂ ಆಗುವುದಿಲ್ಲ, ಓದಲೂ ಬರುವುದಿಲ್ಲ. ಸೀನ್‌ನ ಮೂರು ಹಲ್ಲುಗಳ ಬದಲು ಒಂದೇ ಉದ್ದದ ಎಳೆತ ಬರೆಯುವ ಪದ್ಧತಿ ಇದೆ, ಗೊತ್ತಾ? ಅಗಲವಾದ ಕ್ಯಾನ್ವಾಸ್‌ನ ಬಲತುದಿಯಿಂದ ಹೊರಟ ಆ ಗೆರೆ ಮುಕ್ಕಾಲು ದಾರಿ ಸುಮ್ಮನೆ ಮಲಗಿ ಬಂದು, ಲಾಮ್‌ನಲ್ಲಿ ಎದ್ದು ನಿಲ್ಲುತ್ತದೆ. ಮೇಲೆಲ್ಲ ಖಾಲಿ ಜಾಗ. ಅದಕ್ಕೆ ರೆಕ್ಕೆ ಬೇಡ.

ಸಂಬಂಧಿಕರ ಮಾತಿಗೆ ಬಂದರೆ, ಅರಬ್ಬಿ ಮುಸ್ಲಿಮರಿಗೆ ಮಾತ್ರ ಸೇರಿದ್ದು ಎನ್ನುವುದು ನಿಜವಲ್ಲ. ಅರಬ್ ಕ್ರೈಸ್ತರು ಹನ್ನೊಂದು ಶತಮಾನಕ್ಕೂ ಹಿಂದಿನಿಂದ ತಮ್ಮ ಧರ್ಮಗ್ರಂಥವನ್ನು ಅರಬ್ಬಿಯಲ್ಲಿ ಬರೆದಿದ್ದಾರೆ, ಸಿನಾಯ್ ಬೆಟ್ಟದ ಮಠದಲ್ಲಿ 867ರ ಪ್ರತಿ ಇದೆ. ಅವರೂ ದೇವರಿಗೆ ‘ಅಲ್ಲಾಹ್’ ಎಂದೇ ಬರೆಯುತ್ತಾರೆ. ‘ಅಲ್ಲಾಹು ಮಹಬ್ಬಾ’, ದೇವರು ಪ್ರೀತಿ, ಎಂಬ ಬರಹ ಅವರ ಮನೆಗಳಲ್ಲಿ, ಚರ್ಚುಗಳಲ್ಲಿ ಕಾಣುತ್ತದೆ. 2021ರಲ್ಲಿ ಅರಬ್ಬಿ ಅಕ್ಷರಕಲೆಯನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು, 16 ದೇಶಗಳು ಒಟ್ಟಿಗೆ ಕೇಳಿಕೊಂಡಿದ್ದವು.

ನಿಮ್ಮಿಬ್ಬರಿಗೆ ಹತ್ತಿರ ಬರುವ ಒಂದು ಕೆಲಸ ನೆನಪಾಗುತ್ತದೆ. ಕೈರೋದಲ್ಲಿ ಮನ್ಶಿಯತ್ ನಾಸಿರ್ ಎಂಬ ಬಡಾವಣೆ ಇದೆ. ನಗರದ ಕಸ ಎತ್ತಿ ಬದುಕುವ ಕಾಪ್ಟಿಕ್ ಎಂಬ ಈಜಿಪ್ಟಿನ ಪಂಥದ ಕ್ರೈಸ್ತರು ಹೆಚ್ಚಾಗಿರುವ ಜಾಗ. ಟ್ಯುನೀಷಿಯಾ ಮೂಲದ ಮುಸ್ಲಿಂ ಕಲಾವಿದ ಎಲ್ ಸೀಡ್ 2016ರಲ್ಲಿ ಅಲ್ಲಿಯ ಸುಮಾರು 50 ಕಟ್ಟಡಗಳ ಗೋಡೆಗಳ ಮೇಲೆ ಒಂದೇ ವಾಕ್ಯ ಬರೆದರು. ಒಂದೊಂದು ಗೋಡೆಯಲ್ಲಿ ಒಂದೊಂದು ಚೂರು. ಮೊಕತ್ತಮ್ ಗುಡ್ಡದ ಮೇಲಿಂದ ನೋಡಿದರೆ ಮಾತ್ರ ಪೂರ್ತಿ ವೃತ್ತ ಕಾಣುತ್ತದೆ. ಆರಿಸಿಕೊಂಡದ್ದು ಆ ಜನರದ್ದೇ ಸಂತ, 4ನೇ ಶತಮಾನದ ಬಿಷಪ್ ಅಥನೇಸಿಯಸ್ ಅವರ ಮಾತು: ಸೂರ್ಯನ ಬೆಳಕನ್ನು ಸ್ಪಷ್ಟವಾಗಿ ನೋಡಬೇಕಾದವನು ಮೊದಲು ತನ್ನ ಕಣ್ಣು ಒರೆಸಿಕೊಳ್ಳಬೇಕು. ಅದೇ ಕಲಾವಿದ 2012ರಲ್ಲಿ ಟ್ಯುನೀಷಿಯಾದ ಗಾಬೆಸ್ ಪಟ್ಟಣದ ಮಸೀದಿಯ ಮಿನಾರಿನ ಮೇಲೆ ಕುರ್‌ಆನ್‌ನ ಮಾತು ಬರೆದಿದ್ದರು, ನಿಮ್ಮನ್ನು ಜನಾಂಗಗಳಾಗಿ, ಬುಡಕಟ್ಟುಗಳಾಗಿ ಮಾಡಿದ್ದು ಒಬ್ಬರನ್ನೊಬ್ಬರು ಅರಿಯಲೆಂದು ಎಂಬ 49ನೇ ಅಧ್ಯಾಯದ 13ನೇ ಆಯತ್. ಎರಡು ಜಾಗ, ಎರಡು ಬೇರೆ ಮಾತು. ನೋಡುವವರು ಯಾರು ಎಂದು ಯೋಚಿಸಿ ಮಾತು ಆರಿಸಿದ್ದಾರೆ.

ಆದರೂ ಸಂಬಂಧಿಕರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಕುರ್‌ಆನ್ ಪ್ರತಿಯನ್ನು ಮುಟ್ಟಲು ವುಜೂ, ಅಂದರೆ ಕೈಕಾಲು ಮುಖ ತೊಳೆದು ಶುದ್ಧಿಯಾಗುವುದು, ಬೇಕು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಗೋಡೆಗೆ ಆಯತ್ ತೂಗುಹಾಕುವುದೇ ಬೇಡ ಎನ್ನುವವರೂ ಇದ್ದಾರೆ. ಕ್ಯಾನ್ವಾಸ್ ಕುರ್‌ಆನ್ ಪ್ರತಿ ಅಲ್ಲ, ಹಾಗಾಗಿ ಅಭಿಪ್ರಾಯಗಳು ಬೇರೆ ಬೇರೆ. ನಾನು ಧರ್ಮಶಾಸ್ತ್ರ ಹೇಳುವವನಲ್ಲ, ಬರೆಯುವವನು. ಅನುಭವದಿಂದ ಒಂದು ಸಲಹೆ ಕೊಡಬಲ್ಲೆ. ಆಯತ್ ಇರುವ ಚಿತ್ರದಲ್ಲಿ ಅಕ್ಷರ ನೀವು ಬರೆಯಿರಿ, ಹಿನ್ನೆಲೆ, ಬಣ್ಣ, ಬೆಳಕು ಗೆಳತಿ ಮಾಡಲಿ. ಸಲಾಮ್, ರಹ್ಮಾ, ನೂರ್ (ಬೆಳಕು) ಎಂಬ ಪದಗಳನ್ನು ಅವರೂ ಧೈರ್ಯವಾಗಿ ಬರೆಯಲಿ, ಕಲಿತು ಬರೆಯಲಿ. ಇದನ್ನು ಅವರ ಜೊತೆ ಬಾಯಿಬಿಟ್ಟು ಮಾತಾಡಿ ಗೊತ್ತುಮಾಡಿಕೊಳ್ಳಿ. ಶಾಂತಿಯ ಸರಣಿ ಮಾಡುವಾಗ ಒಬ್ಬರ ಮನಸ್ಸಿನಲ್ಲಿ ಮುಳ್ಳು ಉಳಿಯಬಾರದು.

ನಿಮ್ಮ ಮುಂದಿರುವ ದಾರಿಗಳಲ್ಲಿ ಎಲ್ಲಕ್ಕಿಂತ ಭದ್ರವಾದದ್ದು ಒಂಟಿ ಪದ. ಅಪಾಯ ಕಡಿಮೆ, ಆದರೆ ಬೇಸರ ತರಿಸುವ ಭಯ ಇದೆ, ಎಲ್ಲರೂ ಅದನ್ನೇ ಮಾಡುತ್ತಾರೆ. ಸ್ಪೇನ್ ದೇಶದ ಗ್ರಾನಡಾದ ಅಲ್‌ಹಂಬ್ರಾ ಅರಮನೆಯಲ್ಲಿ ‘ಅಲ್ಲಾಹನ ಹೊರತು ಗೆಲ್ಲುವವನಿಲ್ಲ’ ಎಂಬ ಒಂದೇ ಮಾತು ಗೋಡೆ ಗೋಡೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ಮಾತು ಹೀಗೆ ಜಪದಂತೆ ಬಂದಾಗ ಅದರ ತೂಕ ಬೇರೆ. ಸಲಾಮ್‌ನಲ್ಲಿ ಇದನ್ನು ಮಾಡಿ ನೋಡಬಹುದು. ಪೂರ್ತಿ ಆಯತ್ ಬರೆಯುವುದು ಎರಡನೇ ದಾರಿ. ಬೆಲೆಯೂ ಹೆಚ್ಚು, ಜವಾಬ್ದಾರಿಯೂ ಹೆಚ್ಚು. ಅಂತರ್ಜಾಲದ ಯಾವುದೋ ಚಿತ್ರ ನೋಡಿ ನಕಲು ಮಾಡಬೇಡಿ, ಮುದ್ರಿತ ಕುರ್‌ಆನ್ ಇಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಇನ್ನೊಬ್ಬ ಕಲಾವಿದರ ರಚನೆಯನ್ನು ಹಾಗೇ ಎತ್ತುವುದಂತೂ ಕಳ್ಳತನ. ಆಯತ್ ಯಾರದ್ದೂ ಸ್ವತ್ತಲ್ಲ, ಅವರು ಅದನ್ನು ಜೋಡಿಸಿದ ರೀತಿ ಅವರದ್ದು. ಖತ್ತಾತ್‌ರೊಬ್ಬರ (ಅಕ್ಷರಕಲಾವಿದರ) ಜೊತೆ ಸೇರಿ ಮಾಡುವುದು ಮೂರನೆಯದು. ಅವರು ಬರೆಯುತ್ತಾರೆ, ನೀವು ಬಣ್ಣಕ್ಕೆ ತರುತ್ತೀರಿ. ಹೆಸರು ಇಬ್ಬರದೂ ಇರಲಿ. ನಾಲ್ಕನೆಯದು, ಅರ್ಥ ಬಿಟ್ಟು ಅಕ್ಷರದ ರೂಪವನ್ನಷ್ಟೇ ಹಿಡಿಯುವುದು. ಇರಾಕ್‌ನ ಮದೀಹಾ ಉಮರ್ 1940ರ ದಶಕದಲ್ಲೇ ಈ ದಾರಿ ಹಿಡಿದರು. ಟ್ಯುನೀಷಿಯಾದ ನಜಾ ಮಹ್ದಾವಿ ಓದಲು ಏನೂ ಇಲ್ಲದ ಅಕ್ಷರಗಳ ರಾಶಿಯಿಂದಲೇ ಚಿತ್ರ ಕಟ್ಟುತ್ತಾರೆ. ಇಲ್ಲಿ ಒಂದು ತೊಂದರೆ ಇದೆ. ನೋಡುವವರು ಇದನ್ನೂ ಆಯತ್ ಎಂದೇ ಭಾವಿಸಬಹುದು. ಪಕ್ಕದಲ್ಲಿ ಒಂದು ಚೀಟಿ ಇಟ್ಟು, ಇದರಲ್ಲಿ ಓದುವ ವಾಕ್ಯ ಇಲ್ಲ ಎಂದು ಬರೆದುಬಿಡಿ.

ಕೈಗೆ ಇನ್ನೂ ಕಲಮ್ ಒಗ್ಗಿಲ್ಲದಿದ್ದರೆ ಚೌಕ ಕೂಫಿ ಶೈಲಿ ನೋಡಿ. ಬಾಗು ಇಲ್ಲ, ಬರೀ ನೇರ ಗೆರೆ. ಗೆರೆ ಎಷ್ಟು ದಪ್ಪವೋ ನಡುವಿನ ಬಿಳಿಯೂ ಅಷ್ಟೇ. ಚೌಕದ ಹಾಳೆಯಲ್ಲಿ ಪೆನ್ಸಿಲ್‌ನಿಂದಲೇ ಕಟ್ಟಬಹುದು. ಅರಬರಿಗೂ ಓದಲು ಕಷ್ಟ, ಆದ್ದರಿಂದ ತಪ್ಪು ಅಡಗಿ ಕೂರುತ್ತದೆ. ಬಲ್ಲವರಿಗೆ ತೋರಿಸದೆ ಮುಂದೆ ಹೋಗಬೇಡಿ.

ಕ್ಯಾನ್ವಾಸ್ ಮೇಲೆ ನೇರವಾಗಿ ಕಲಮ್ ಓಡುವುದಿಲ್ಲ. ನೇಯ್ಗೆಯ ಉಬ್ಬುತಗ್ಗು ಅಂಚನ್ನು ಹರಿದುಹಾಕುತ್ತದೆ. ಮಸೀದಿಗಳ ದೊಡ್ಡ ಬರಹಗಳನ್ನೂ ನೇರವಾಗಿ ಗೋಡೆಗೆ ಬರೆಯುತ್ತಿರಲಿಲ್ಲ. ತುರ್ಕಿಯ ಖತ್ತಾತ್‌ರು ಕಪ್ಪು ಕಾಗದದ ಮೇಲೆ ಹಳದಿ ಶಾಯಿಯಲ್ಲಿ ಬರೆದು, ಅಂಚು ತಿದ್ದಿ, ಸೂಜಿಯಿಂದ ಅಂಚಿನುದ್ದಕ್ಕೂ ಚುಚ್ಚಿ, ಪುಡಿ ತುಂಬಿದ ಬಟ್ಟೆಯ ಗಂಟಿನಿಂದ ತಟ್ಟಿ ಗುರುತು ಇಳಿಸುತ್ತಿದ್ದರು. ನೀವೂ ಹಾಗೇ ಮಾಡಿ. ಕಾಗದದಲ್ಲಿ ಬರೆದು, ತಿದ್ದಿಸಿ, ದೊಡ್ಡದು ಮಾಡಿ, ಗುರುತು ಇಳಿಸಿ, ಆಮೇಲೆ ಕುಂಚದಿಂದ ತುಂಬಿ. ತಿದ್ದುವ ಅವಕಾಶ ಕಾಗದದ ಹಂತದಲ್ಲೇ ಇರುವುದು.

ಹಾಳಾದ ಕ್ಯಾನ್ವಾಸ್‌ಗಳು. ಆಯತ್ ಇರುವುದನ್ನು ಕಸದ ಬುಟ್ಟಿಗೆ ಹಾಕಬೇಡಿ, ನೆಲದ ಮೇಲೆ ಒರಗಿಸಿಯೂ ಇಡಬೇಡಿ. ಹಳೆಯ ಕಾಲದ ಮಸಿ ಕಾಡಿಗೆ ಮತ್ತು ಗೋಂದಿನದು, ಮೊಟ್ಟೆಯ ಬಿಳಿ ಹಚ್ಚಿ ನಯ ಮಾಡಿದ ಕಾಗದದ ಮೇಲಿಂದ ಒದ್ದೆ ಬಟ್ಟೆಗೆ ಒರೆಸಿ ಹೋಗುತ್ತಿತ್ತು. ಅಕ್ರಿಲಿಕ್ ಹಾಗೆ ಹೋಗುವುದಿಲ್ಲ. ಚೌಕಟ್ಟಿನಿಂದ ಬಟ್ಟೆ ಬಿಡಿಸಿ, ಜನ ತುಳಿಯದ ಶುದ್ಧ ಜಾಗದಲ್ಲಿ ಹೂಳುವುದು ಅಥವಾ ಗೌರವದಿಂದ ಸುಡುವುದು, ಎರಡಕ್ಕೂ ಪರಂಪರೆಯಲ್ಲಿ ಆಧಾರ ಇದೆ. ಯಾವುದು ಎಂಬುದನ್ನು ನಿಮ್ಮ ಮನೆಯವರು ನಂಬುವ ಆಲಿಮರನ್ನು (ಧರ್ಮ ವಿದ್ವಾಂಸರನ್ನು) ಕೇಳಿ. ಬರೀ ಅಕ್ಷರಗಳಿರುವ ಕ್ಯಾನ್ವಾಸ್ ಆದರೆ ಉಜ್ಜಿ, ಬಿಳಿ ಬಣ್ಣ ಬಳಿದು ಮತ್ತೆ ಬಳಸಲು ನನಗೆ ಅಡ್ಡಿ ಕಾಣುವುದಿಲ್ಲ.

ಮಾರಾಟಕ್ಕೆ ಇಡುವ ಪ್ರತಿ ಚಿತ್ರದ ಹಿಂದೆ ಮೂರು ವಿಷಯ ಬರೆಯಿರಿ: ಏನು ಬರೆದಿದೆ, ಅದರ ಕನ್ನಡ ಅರ್ಥ, ಎಲ್ಲಿಂದ ತೆಗೆದುಕೊಂಡದ್ದು. ಮೇಲೆ ಯಾವ ಕಡೆ ಎಂದು ಒಂದು ಬಾಣದ ಗುರುತೂ ಇರಲಿ. ತಲೆಕೆಳಗಾಗಿ ತೂಗುಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇನೆ. ಆಯತ್ ಇದ್ದರೆ ಬಚ್ಚಲುಮನೆ ಬಾಗಿಲ ಬಳಿ, ಕಾಲು ಚಾಚುವ ದಿಕ್ಕಿನಲ್ಲಿ ಹಾಕಬೇಡಿ ಎಂದು ಕೊಳ್ಳುವವರಿಗೆ ಮೊದಲೇ ಹೇಳಿ. ಅದೇ ವಿನ್ಯಾಸವನ್ನು ಕಾಲೊರೆಸು, ಚಪ್ಪಲಿ, ಬಿಸಾಡುವ ಚೀಲಗಳ ಮೇಲೆ ಅಚ್ಚು ಹಾಕಲು ಯಾರಾದರೂ ಕೇಳಿದರೆ ಒಪ್ಪಬೇಡಿ.

ಇನ್ನು ಮುಂದಿನ ಕೆಲಸ. ಹೊಸ ಸಲಾಮ್ ಅನ್ನು ಪೆನ್ಸಿಲ್‌ನಲ್ಲಿ ಕ್ಯಾನ್ವಾಸ್‌ಗೆ ಇಳಿಸಿದ ಮೇಲೆ, ಬಣ್ಣ ಮುಟ್ಟುವ ಮೊದಲು, ತಾತನನ್ನು ಕರೆದು ಎದುರು ಕೂರಿಸಿ. ಇದು ಏನು ಎಂದು ಹೇಳಬೇಡಿ. ಗಟ್ಟಿಯಾಗಿ ಓದಿ ಎನ್ನಿ. ಅವರು ಎಲ್ಲೂ ತಡವರಿಸದೆ ಓದಿದರೆ ಗೆಳತಿಯ ಕೈಗೆ ಕುಂಚ ಕೊಡಿ. ತಡವರಿಸಿದರೆ, ಎಲ್ಲಿ ಎಂದು ಕೇಳಿ, ಅಲ್ಲಿ ರಬ್ಬರ್ ಹಾಕಿ.